ಹಾಡು ತುಂಬಿದರೂ ಹಾಡದ ಐಪಾಡ್

ಹಳೆಯ ಐಪಾಡನ್ನು ಲಿನಕ್ಸ್ ಕಂಪ್ಯೂಟರಿಗೆ ಜೋಡಿಸಿದರೆ ಅದು ಪೆನ್‌ಡ್ರೈವ್‌ನ ಹಾಗೆಯೇ ತೆರೆದುಕೊಳ್ಳುತ್ತದೆ. ಹಾಡುಗಳ ಫೋಲ್ಡರನ್ನು ಎಳೆದು ಹಾಕಿದರೆ ಕಾಪಿ ಆಗುತ್ತದೆ, ಜಾಗವೂ ತುಂಬುತ್ತದೆ. ಕೇಬಲ್ ಬಿಡಿಸಿ ನೋಡಿದರೆ ಪಟ್ಟಿಯಲ್ಲಿ ಆ ಹಾಡುಗಳ ಸುಳಿವೇ ಇಲ್ಲ.

ಐಪಾಡ್ ತನ್ನೊಳಗಿನ ಫೈಲುಗಳನ್ನು ತಾನಾಗಿ ಹುಡುಕುವುದಿಲ್ಲ. ಐಟ್ಯೂನ್ಸ್‌ಡಿಬಿ ಎಂಬ ಒಂದು ದಾಖಲೆಯಲ್ಲಿ ಏನು ಬರೆದಿದೆಯೋ ಅಷ್ಟನ್ನೇ ನಂಬುತ್ತದೆ. ಆ ದಾಖಲೆಯನ್ನು ಬರೆಯುತ್ತಿದ್ದುದು ಮುಖ್ಯವಾಗಿ ಆಪಲ್‌ನದೇ ತಂತ್ರಾಂಶವಾದ ಐಟ್ಯೂನ್ಸ್. 2001ರ ಅಕ್ಟೋಬರಿನಲ್ಲಿ ಬಂದ ಮೊದಲ ಐಪಾಡ್ ಮ್ಯಾಕ್‌ಗೆ ಮಾತ್ರ ಒಗ್ಗುತ್ತಿತ್ತು, ವಿಂಡೋಸ್‌ನವರಿಗೆ ಮರುವರ್ಷ ಬಾಗಿಲು ತೆರೆಯಿತು. ಲಿನಕ್ಸ್‌ನವರನ್ನು ಯಾರೂ ಕರೆಯಲೇ ಇಲ್ಲ. ಅವರು ಕರೆಗಾಗಿ ಕಾಯಲೂ ಇಲ್ಲ. ದಾಖಲೆಯ ರಚನೆಯನ್ನು ಬೈಟ್ ಬೈಟ್ ಬಿಡಿಸಿ ನೋಡಿ ಜಿಟಿಕೆಪಾಡ್ ಎಂಬ ತಂತ್ರಾಂಶ ಬರೆದರು. ಅದರ ಬೆನ್ನೆಲುಬಾದ ಲಿಬ್‌ಜಿಪಾಡ್ ಅನ್ನು ರಿದಮ್‌ಬಾಕ್ಸ್, ಅಮರೋಕ್‌ನಂಥ ಸಂಗೀತ ತಂತ್ರಾಂಶಗಳೂ ಬಳಸಿಕೊಂಡವು.

2007ರ ಸೆಪ್ಟೆಂಬರಿನಲ್ಲಿ ಬಂದ ಐಪಾಡ್ ಕ್ಲಾಸಿಕ್ ಮತ್ತು ಹೊಸ ನ್ಯಾನೋಗಳಲ್ಲಿ ಆಪಲ್ ಇನ್ನೊಂದು ಬೀಗ ಜಡಿಯಿತು. ಪ್ರತಿ ಐಪಾಡ್‌ಗೂ ಇರುವ ವಿಶಿಷ್ಟ ಸಂಖ್ಯೆಯನ್ನು ಸೇರಿಸಿ ಲೆಕ್ಕ ಹಾಕಿದ ಒಂದು ಗುಪ್ತ ಮೊತ್ತ ದಾಖಲೆಯಲ್ಲಿ ಇರಬೇಕು, ತಾಳೆಯಾಗದಿದ್ದರೆ ಪಟ್ಟಿ ಖಾಲಿ. ಆ ಲೆಕ್ಕ ಕೆಲವೇ ದಿನಗಳಲ್ಲಿ ಬಯಲಾಯಿತು. ಆಪಲ್ ಮುಂದೆ ಅದನ್ನು ಬದಲಿಸಿತು. ಹೊಸ ಲೆಕ್ಕವನ್ನು ಬಿಡಿಸುವ ಬಗ್ಗೆ ಬ್ಲೂವಿಕಿ ಎಂಬ ಜಾಲತಾಣದಲ್ಲಿ ಚರ್ಚೆ ನಡೆದಾಗ 2008ರಲ್ಲಿ ಆಪಲ್‌ನ ವಕೀಲರ ಪತ್ರ ಹೋಯಿತು. ಡಿಜಿಟಲ್ ಹಕ್ಕುಗಳಿಗಾಗಿ ದುಡಿಯುವ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಆ ತಾಣದ ಪರವಾಗಿ 2009ರಲ್ಲಿ ಮೊಕದ್ದಮೆ ಹೂಡಿದ ಮೇಲೆ ಆಪಲ್ ಹಿಂದೆ ಸರಿಯಿತು. ಕಾಸು ಕೊಟ್ಟು ಕೊಂಡ ಪೆಟ್ಟಿಗೆಗೆ ತನ್ನದೇ ಹಾಡು ತುಂಬಲು ಇಷ್ಟೆಲ್ಲ ಕೋರ್ಟು ಕಚೇರಿ!

ಇನ್ನೊಂದು ದಾರಿ, ಪ್ಲೇಯರಿನೊಳಗಿನ ತಂತ್ರಾಂಶದ ಬದಲು ಹಾಕಿಕೊಳ್ಳುವ ರಾಕ್‌ಬಾಕ್ಸ್. ಆರ್ಕೋಸ್ ಪ್ಲೇಯರಿನ ಮೂಲ ತಂತ್ರಾಂಶದಿಂದ ಬೇಸತ್ತ ಸ್ವೀಡನ್ನಿನ ಪ್ರೋಗ್ರಾಮರುಗಳು 2001ರಲ್ಲಿ ಶುರುಮಾಡಿದ ಕೆಲಸ ಅದು. ಈಗ ಐಪಾಡ್ ಕ್ಲಾಸಿಕ್ ಸೇರಿ ಅನೇಕ ಹಳೆಯ ಪ್ಲೇಯರುಗಳಲ್ಲಿ ನಡೆಯುತ್ತದೆ. ಐಟ್ಯೂನ್ಸ್‌ನ ದಾಖಲೆಯ ಹಂಗಿಲ್ಲ: ಫೋಲ್ಡರ್ ಎಳೆದು ಹಾಕಿ, ಕೇಳಿ. ಆಪಲ್ 2022ರಲ್ಲಿ ಐಪಾಡನ್ನೇ ನಿಲ್ಲಿಸಿತು, ರಾಕ್‌ಬಾಕ್ಸ್ ಇನ್ನೂ ಬೆಳೆಯುತ್ತಿದೆ.

ಮೆಮೊರಿ ಕಾರ್ಡ್ ಹಾಕುವ ಈಗಿನ ಅಗ್ಗದ ಪ್ಲೇಯರುಗಳಲ್ಲಿ ಈ ಬೀಗಗಳಿಲ್ಲ, ಆದರೆ ಅವುಗಳ ಚಾಳಿ ಬೇರೆ. ಹಲವು ಪ್ಲೇಯರುಗಳು ಹಾಡುಗಳನ್ನು ಹೆಸರಿನ ಕ್ರಮದಲ್ಲಿ ನುಡಿಸದೆ ಕಾರ್ಡಿಗೆ ಬರೆದ ಕ್ರಮದಲ್ಲಿ ನುಡಿಸುತ್ತವೆ. ಯಕ್ಷಗಾನ ಪ್ರಸಂಗವೊಂದನ್ನು ಭಾಗಗಳಾಗಿ ತುಂಬಿದ್ದರೆ ಯುದ್ಧ ಮುಗಿದ ಮೇಲೆ ಒಡ್ಡೋಲಗ ಬಂದೀತು. ಕಾರ್ಡಿನ ಫೈಲುಗಳನ್ನು ಹೆಸರಿನ ಕ್ರಮಕ್ಕೆ ತರುವ ಲಿನಕ್ಸ್‌ನ ಫ್ಯಾಟ್‌ಸಾರ್ಟ್ ತಂತ್ರಾಂಶ ಇದಕ್ಕೆ ಮದ್ದು. ಕನ್ನಡದ ಹೆಸರುಗಳು ಚೌಕಗಳಾಗಿ ಕಂಡರೆ ಫೈಲಿನ ಹೆಸರು ಮತ್ತು ಟ್ಯಾಗ್‌ಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯದೆ ಗತ್ಯಂತರವಿಲ್ಲ; ಇದು ಪ್ಲೇಯರ್ ತಯಾರಕರ ಸೋಮಾರಿತನ, ಲಿನಕ್ಸ್‌ನ ದೋಷವಲ್ಲ. ಕಾಪಿ ಮುಗಿಯಿತೆಂದು ತೆರೆ ಹೇಳಿದರೂ ಲಿನಕ್ಸ್ ಇನ್ನೂ ಹಿನ್ನೆಲೆಯಲ್ಲಿ ಬರೆಯುತ್ತಿರಬಹುದು. ಎಜೆಕ್ಟ್ ಒತ್ತದೆ ಕೇಬಲ್ ಕಿತ್ತರೆ ಕೊನೆಯ ಹಾಡುಗಳು ಅರ್ಧಕ್ಕೇ ನಿಲ್ಲಬಹುದು.

ಹೊಸ ಪ್ಲೇಯರ್ ಕೊಳ್ಳುವವರು ಅಂಗಡಿಯಲ್ಲಿ ಮೊದಲು ಒಂದು ಪ್ರಶ್ನೆ ಕೇಳಿ: ಬೇರೆ ಯಾವ ತಂತ್ರಾಂಶವೂ ಬೇಡದೆ ಇದು ಪೆನ್‌ಡ್ರೈವ್‌ನಂತೆ ತೆರೆದು, ಎಳೆದು ಹಾಕಿದ ಹಾಡನ್ನು ನುಡಿಸುತ್ತದೆಯೇ? ಇಲ್ಲ ಎಂದರೆ ಬೇರೆಯದನ್ನು ನೋಡಿ.