ಕಾಲು ಮುಂದಿಟ್ಟಾಗ ಮಂಡಿ ಎಲ್ಲಿರಬೇಕು?

ವ್ಯಾಯಾಮ ಶುರುಮಾಡಿದ ಹದಿನೈದು ದಿನಕ್ಕೇ ಮಂಡಿ ನೋವು ಬಂತು, ಬಿಟ್ಟುಬಿಟ್ಟೆ ಎನ್ನುವವರು ಬಹಳ ಮಂದಿ. ಅನೇಕ ವೇಳೆ ತಪ್ಪು ವ್ಯಾಯಾಮದ್ದಲ್ಲ, ಮಂಡಿಯನ್ನು ಇಟ್ಟ ರೀತಿಯದು.

‘ಲಂಜಸ್’ ವ್ಯಾಯಾಮವನ್ನೇ ನೋಡಿ. ಒಂದು ಕಾಲನ್ನು ದೊಡ್ಡ ಹೆಜ್ಜೆಯಾಗಿ ಮುಂದಿಟ್ಟು, ಎರಡೂ ಮಂಡಿ ಬಗ್ಗಿಸಿ ಮೈಯನ್ನು ಕೆಳಗಿಳಿಸಿ ಮತ್ತೆ ಏಳುವುದು ಇದರ ಕ್ರಮ. ಜಿಮ್‌ಗೆ ಹೋಗುವ ಮಕ್ಕಳಿಗೆ ಇದು ಪರಿಚಿತ. ಹಿರಿಯರು ವೀರಭದ್ರಾಸನದ ನಿಲುವನ್ನು ನೆನಪಿಸಿಕೊಂಡರೆ ಸಾಕು. ಬಸ್ಸಿನ ಮೆಟ್ಟಿಲು ಹತ್ತುವಾಗ, ನೆಲದಿಂದ ಏಳುವಾಗ ನಾವು ಮಾಡುವುದೂ ಹೆಚ್ಚುಕಡಿಮೆ ಇದನ್ನೇ.

ತುಂಬಿದ ಕೊಡವನ್ನು ಮೈಗೆ ಒತ್ತಿ ಹಿಡಿದರೆ ಹಗುರ, ಕೈ ಚಾಚಿ ಹಿಡಿದರೆ ಭಾರ. ಕೀಲುಗಳ ಲೆಕ್ಕವೂ ಹೀಗೆಯೇ. ದೇಹದ ಭಾರ ಬೀಳುವ ಗೆರೆಯಿಂದ ಮಂಡಿ ಮುಂದಕ್ಕೆ ಹೋದಷ್ಟೂ ತೊಡೆಯ ಮುಂಭಾಗದ ಕ್ವಾಡ್ರಿಸೆಪ್ಸ್ ಸ್ನಾಯು ಹೆಚ್ಚು ದುಡಿಯಬೇಕು. ಆಗ ಮಂಡಿಚಿಪ್ಪು ತೊಡೆಮೂಳೆಗೆ ಬಿಗಿಯಾಗಿ ಒತ್ತುತ್ತದೆ. ಮಂಡಿಯ ಕೆಳಗಿನ ಕಾಲು ನೆಟ್ಟಗೆ ನಿಂತು ಸೊಂಟ ಹಿಂದೆ ಸರಿದರೆ, ಕೆಲಸದ ಹೆಚ್ಚಿನ ಪಾಲು ಪೃಷ್ಠದ ಮತ್ತು ತೊಡೆಯ ಹಿಂಭಾಗದ ಸ್ನಾಯುಗಳಿಗೆ ಹೋಗುತ್ತದೆ. ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎದೆಯನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ ಲಂಜಸ್ ಮಾಡಿದಾಗ ಈ ಹಿಂಬದಿಯ ಸ್ನಾಯುಗಳ ಚಟುವಟಿಕೆ ಹೆಚ್ಚಿದ್ದು ಕಂಡುಬಂತು.

ಹಾಗಾದರೆ ‘ಮಂಡಿ ಕಾಲ್ಬೆರಳನ್ನು ದಾಟಲೇಬಾರದು’ ಎಂಬ ತರಬೇತುದಾರರ ಮಾತು? ಅದು ಅರ್ಧ ನಿಜ. ಭಾರ ಹೊತ್ತು ಬಸ್ಕಿ ಹೊಡೆಯುವವರ ಮೇಲೆ ನಡೆದು, 2003ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಮಂಡಿಯ ಮುಂದೆ ಹಲಗೆ ಇಟ್ಟು ತಡೆಯಲಾಯಿತು. ಮಂಡಿಯ ಮೇಲಿನ ಹೊರೆ ಸುಮಾರು ಐದನೇ ಒಂದು ಭಾಗ ಇಳಿಯಿತು. ಆದರೆ ಸೊಂಟದ ಕೀಲಿನ ಹೊರೆ ಹತ್ತು ಪಟ್ಟು ಏರಿತು! ಹೊರೆ ಎಲ್ಲಿಗೂ ಮಾಯವಾಗುವುದಿಲ್ಲ, ಜಾಗ ಬದಲಿಸುತ್ತದೆ ಅಷ್ಟೆ. ಮಂಡಿ ನೋವಿದ್ದವರಿಗೆ ಆ ನಿಯಮ ಅನುಕೂಲವೇ. ಆರೋಗ್ಯವಂತರು ಅದಕ್ಕಾಗಿ ಗಾಬರಿಪಡಬೇಕಿಲ್ಲ. ಮೆಟ್ಟಿಲು ಇಳಿಯುವಾಗ ಎಲ್ಲರ ಮಂಡಿಯೂ ಬೆರಳನ್ನು ದಾಟುತ್ತದೆ.

ಹೆಚ್ಚು ಗಮನಿಸಬೇಕಾದದ್ದು ಮಂಡಿ ಒಳಕ್ಕೆ, ಅಂದರೆ ಇನ್ನೊಂದು ಕಾಲಿನ ಕಡೆಗೆ ವಾಲುವುದನ್ನು. ಹೆಂಗಸರಲ್ಲಿ ಇದು ಹೆಚ್ಚು. ತೊಡೆ ಒಳಕ್ಕೆ ಜಾರದಂತೆ ಹಿಡಿದಿಡುವುದು ಸೊಂಟದ ಪಕ್ಕದಲ್ಲಿರುವ ಗ್ಲೂಟಿಯಸ್ ಮೀಡಿಯಸ್ ಎಂಬ ಸ್ನಾಯು. ಅದು ದುರ್ಬಲವಾಗಿದ್ದರೆ ತೊಡೆ ಒಳಕ್ಕೆ ತಿರುಗುತ್ತದೆ, ಮಂಡಿಚಿಪ್ಪಿನ ಹೊರ ಅಂಚಿಗೆ ಒತ್ತಡ ಬೀಳುತ್ತದೆ. ಚಪ್ಪಟೆ ಪಾದದವರಲ್ಲೂ ಹೀಗಾಗುವುದುಂಟು. ಮೆಟ್ಟಿಲು ಹತ್ತಿಳಿಯುವಾಗ ಮಂಡಿಯ ಮುಂಭಾಗ ನೋಯುತ್ತದೆ ಎನ್ನುವ ಹುಡುಗಿಯರಲ್ಲಿ ಕೆಲವರ ತೊಂದರೆಯ ಮೂಲ ಮಂಡಿಯಲ್ಲಿರದೆ ಸೊಂಟದಲ್ಲಿರುತ್ತದೆ.

ಮನೆಯ ಕನ್ನಡಿಯ ಮುಂದೆ ಪರೀಕ್ಷಿಸಿಕೊಳ್ಳಬಹುದು. ಕುರ್ಚಿಯ ಬೆನ್ನು ಹಿಡಿದು ನಿಧಾನವಾಗಿ ಇಳಿಯಿರಿ. ಮಂಡಿಯ ನಡುಭಾಗ ಕಾಲಿನ ಎರಡನೇ ಬೆರಳಿನ ನೇರಕ್ಕೆ ಇರಬೇಕು, ಹಿಮ್ಮಡಿ ನೆಲ ಬಿಡಬಾರದು. ಒಳಕ್ಕೆ ವಾಲಿದರೆ ಅಷ್ಟು ಆಳಕ್ಕೆ ಇಳಿಯಬೇಡಿ. ನೇರ ಉಳಿಯುವಷ್ಟೇ ಇಳಿದು ಎಂಟು ಹತ್ತು ಸಲ ಮಾಡಿದರೆ ಸಾಕು. ಹೆಜ್ಜೆಯನ್ನು ಮುಂದಿಡುವ ಬದಲು ಹಿಂದಕ್ಕೆ ಇಟ್ಟು ಇಳಿಯುವುದು ಮಂಡಿಗೆ ಇನ್ನೂ ಹಿತ.

ಮರುದಿನ ತೊಡೆ, ಪೃಷ್ಠ ನೊಂದರೆ ಚಿಂತೆಯಿಲ್ಲ, ಅದು ಸ್ನಾಯುವಿನ ದಣಿವು. ಮಾಡುವಾಗಲೇ ಕೀಲಿನೊಳಗೆ ಚುಚ್ಚಿದಂತಾದರೆ, ಮಂಡಿ ಊದಿಕೊಂಡರೆ ಅಥವಾ ಸಿಕ್ಕಿಹಾಕಿಕೊಂಡಂತಾದರೆ ವ್ಯಾಯಾಮ ನಿಲ್ಲಿಸಿ ಮೂಳೆ ತಜ್ಞರನ್ನು ಕಾಣಬೇಕು.