ನಡುವಿನ ಕುರ್ಚಿಯಲ್ಲಿ ಕುಳಿತವರು ಯಾರು? ಅಳಿಯಕಟ್ಟಿನ ಕುಟುಂಬಗಳ ಭಾವಚಿತ್ರಗಳು ಮತ್ತು ದಾಖಲೆಗಳು

ಮುಂಬಯಿಯಲ್ಲಿ ನೆಲೆಸಿದ ದಕ್ಷಿಣ ಕನ್ನಡ ಮೂಲದ ಕುಟುಂಬವೊಂದರ ಚರಿತ್ರೆಯನ್ನು ಅರಸಹೊರಟವರಿಗೆ ಮೊದಲು ದೊರೆಯುವ ಆಧಾರ ಬಹುಮಟ್ಟಿಗೆ ಒಂದು ಗುಂಪು ಭಾವಚಿತ್ರ. ನಡುವಿನ ಕುರ್ಚಿಯಲ್ಲಿ ಕೋಟು, ಮುಂಡಾಸು ಧರಿಸಿದ ಹಿರಿಯರು. ಪಕ್ಕದಲ್ಲಿ ವಯಸ್ಸಾದ ಹೆಂಗಸು. ಹಿಂದೆ ನಿಂತ ತರುಣರು. ಕಾಲ ಬಳಿ ಮಕ್ಕಳು. ಮೂರನೆಯ ತಲೆಮಾರಿನವರು ಹಿರಿಯರನ್ನು ಅಜ್ಜನೆಂದೂ ಹೆಂಗಸನ್ನು ಅಜ್ಜಿಯೆಂದೂ ತೋರಿಸುತ್ತಾರೆ. ಅಜ್ಜಿಯ ಮಟ್ಟಿಗೆ ಇದು ಸರಿಯಿರಬಹುದು. ಆದರೆ ಚಿತ್ರ ಊರಿನ ತರವಾಡು ಮನೆಯದಾಗಿದ್ದು ಮನೆತನ ಅಳಿಯಕಟ್ಟಿನದಾಗಿದ್ದರೆ, ಆ ಹಿರಿಯರು ಅಜ್ಜಿಯ ಗಂಡನಾಗಿರದೆ ಅಣ್ಣನಾಗಿರುವ, ಅಂದರೆ ಕುಟುಂಬದ ಯಜಮಾನನಾದ ಸೋದರಮಾವನಾಗಿರುವ ಸಂಭವವನ್ನು ಮೊದಲು ಪರಿಶೀಲಿಸಬೇಕೆಂಬುದು ನಮ್ಮ ಅಭಿಪ್ರಾಯ.

ಬಂಟರು, ಬಿಲ್ಲವರು, ಮೊಗವೀರರು ಮೊದಲಾದ ತುಳುನಾಡಿನ ಸಮುದಾಯಗಳಲ್ಲಿ ಆಸ್ತಿಯೂ ಕುಲವೂ ತಾಯಿಯ ಕಡೆಯಿಂದ ಇಳಿದು ಬರುತ್ತಿದ್ದುದು ಸರ್ವವಿದಿತ. ಗಂಡನಾದವನು ಹೆಂಡತಿಯ ಮನೆತನದ ಸದಸ್ಯನಲ್ಲ. ಮಕ್ಕಳು ತಂದೆಯ ಮನೆತನದ ಸದಸ್ಯರಲ್ಲ. ಇಂತಹ ಮನೆಯ ಹುಡುಗನೊಬ್ಬ ಮುಂಬಯಿಯ ಶಾಲೆಗೆ ಸೇರಿದಾಗ ದಾಖಲೆ ಪುಸ್ತಕದಲ್ಲಿ ತಂದೆಯ ಹೆಸರಿಗೆ ಒಂದು ಅಂಕಣವಿತ್ತು, ಕುಲನಾಮಕ್ಕೆ ಇನ್ನೊಂದು. ತಾಯಿಯ ಮನೆತನದ ಹೆಸರಿಗೆ ಎಡೆಯೇ ಇರಲಿಲ್ಲ. ಕುಲನಾಮದ ಅಂಕಣದಲ್ಲಿ ಶೆಟ್ಟಿ, ಪೂಜಾರಿ, ಸಾಲ್ಯಾನ್, ಕೋಟ್ಯಾನ್ ಎಂದು ಬರೆದುದರಿಂದ ಸಾವಿರಾರು ಮಂದಿ ಒಂದೇ ಹೆಸರಿನವರಾದರು. ಮೊಮ್ಮಕ್ಕಳು ಈ ದಾಖಲೆಯನ್ನು ಹಿಡಿದು ಊರಿಗೆ ಹೋದರೆ ತಲಪುವುದು ಅಜ್ಜನ ಊರಿಗೆ. ಅಜ್ಜಿಯ ಹೆಸರು, ಆಕೆಯ ತಾಯಿಯ ಹೆಸರು, ಅವರು ಬಾಳಿದ ಮನೆ ಯಾವುದೂ ಅಲ್ಲಿ ಸಿಗುವುದಿಲ್ಲ. ತಾಯಿಯ ದಾರಿಯಲ್ಲಿ ನಡೆದ ಕುಟುಂಬವನ್ನು ತಂದೆಯ ದಾರಿಯಲ್ಲಿ ಹುಡುಕುವುದರಿಂದ ಆಗುವ ನಷ್ಟವಿದು. ಇದರಲ್ಲಿ ಮೊದಲು ಅಳಿಯುವುದು ಹೆಂಗಸರ ಹೆಸರುಗಳು.

ಈ ಹೆಸರುಗಳು ಉಳಿದಿರುವ ಮುಖ್ಯ ದಾಖಲೆ ಪಾಲುಪಟ್ಟಿ. ಅಳಿಯಕಟ್ಟಿನ ಕುಟುಂಬದಲ್ಲಿ ಸದಸ್ಯನೊಬ್ಬ ತಾನಾಗಿ ಪಾಲು ಕೇಳುವಂತಿಲ್ಲ, ಎಲ್ಲರೂ ಒಪ್ಪಿದರೆ ಮಾತ್ರ ವಿಭಾಗ ಎಂಬುದು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಮದರಾಸಿನ ನ್ಯಾಯಾಲಯ ಎತ್ತಿಹಿಡಿದ ನಿಯಮ. 1949ರ ಮದರಾಸು ಅಳಿಯಸಂತಾನ ಕಾಯಿದೆ ಇದನ್ನು ಬದಲಿಸಿ ಪ್ರತಿಯೊಂದು ಕವರಿಗೂ ಪಾಲು ಕೇಳುವ ಹಕ್ಕನ್ನು ಕೊಟ್ಟಿತು. ಒಬ್ಬ ಸ್ತ್ರೀ, ಆಕೆಯ ಮಕ್ಕಳು, ಹೆಣ್ಣುಸಂತತಿಯ ಮೂಲಕ ಬಂದ ಆಕೆಯ ವಂಶಜರು ಸೇರಿ ಒಂದು ಕವರು. ಪಾಲಾಗಬೇಕಾದರೆ ಕವರುಗಳನ್ನು ಎಣಿಸಬೇಕು. ಎಣಿಸಬೇಕಾದರೆ ಮೂಲ ಸ್ತ್ರೀಯಿಂದ ಹಿಡಿದು ವಂಶವೃಕ್ಷವನ್ನು ಬರೆಯಬೇಕು. ಆದಕಾರಣ ಪಾಲಿನ ದಾವೆಯ ಕಡತಗಳಲ್ಲಿಯೂ ನೋಂದಾಯಿತ ಪಾಲುಪಟ್ಟಿಗಳಲ್ಲಿಯೂ ಹಲವು ತಲೆಮಾರಿನ ಹೆಂಗಸರ ಹೆಸರುಗಳು ಕ್ರಮವಾಗಿ ದೊರೆಯುತ್ತವೆ. ಮುಂಬಯಿಗೆ ಹೋದ ಸದಸ್ಯರ ವಯಸ್ಸು, ವಾಸಸ್ಥಳಗಳನ್ನೂ ಅಲ್ಲಿ ಕಾಣಬಹುದು.

ಇವುಗಳನ್ನು ಓದುವಾಗ ಒಂದು ಪದದ ಬಗ್ಗೆ ಎಚ್ಚರ ಅಗತ್ಯ. 50 ವರ್ಷ ತುಂಬದ ಒಬ್ಬ ಸ್ತ್ರೀಯಾದರೂ ಇರುವ ಕವರನ್ನು ಕಾಯಿದೆ ಸಂತತಿ ಕವರು ಎಂದಿತು. ಇಲ್ಲದ್ದನ್ನು ನಿಸ್ಸಂತತಿ ಕವರು ಎಂದಿತು. ತಾಯಿ ತೀರಿಹೋಗಿ, ಸೋದರಿಯರೂ ಇಲ್ಲದ ಗಂಡಸಿಗೆ ಮುಂಬಯಿಯಲ್ಲಿ ಐದು ಮಕ್ಕಳಿದ್ದರೂ ಅವನ ಕವರು ನಿಸ್ಸಂತತಿಯೇ. ದಾಖಲೆಯಲ್ಲಿ ಈ ಮಾತನ್ನು ಕಂಡು, ಚಿತ್ರದಲ್ಲಿರುವವನು ಬೇರೆ ಯಾರೋ ಎಂದು ತೀರ್ಮಾನಿಸಿದರೆ ಇಡೀ ಶೋಧವೇ ದಾರಿ ತಪ್ಪೀತು.

ದಾಖಲೆಗಳು ಎಲ್ಲಿವೆ ಎಂಬುದು ಇಂದಿನ ರಾಜ್ಯಗಳ ಗಡಿಯನ್ನು ಅನುಸರಿಸುವುದಿಲ್ಲ. ಉತ್ತರ ಕನ್ನಡ 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. ದಕ್ಷಿಣ ಕನ್ನಡ 1956ರವರೆಗೆ ಮದರಾಸಿನಲ್ಲಿಯೇ ಉಳಿಯಿತು. ಹೀಗಾಗಿ ಹೊನ್ನಾವರದ ಕುಟುಂಬದ ವಿಷಯದಲ್ಲಿ ಅಂದಿನ ಸರಕಾರಿ ಕಡತಗಳಿಗಾಗಿ ಮುಂಬಯಿಯ ಪತ್ರಾಗಾರವನ್ನು ನೋಡಬೇಕಾದರೆ, ಮಂಗಳೂರಿನ ಕುಟುಂಬಕ್ಕಾಗಿ ಮುಂಬಯಿಯ ಸಂಶೋಧಕರು ಚೆನ್ನೈಗೆ ಹೋಗಬೇಕು. ಕಾಸರಗೋಡು 1956ರಲ್ಲಿ ಕೇರಳಕ್ಕೆ ಸೇರಿತು. ಪಾಲುಪಟ್ಟಿಯಂತಹ ಪತ್ರಗಳನ್ನಾದರೋ ಆಸ್ತಿಯಿದ್ದ ಊರಿನ ಉಪನೋಂದಣಿ ಕಚೇರಿಯಲ್ಲಿಯೇ ಹುಡುಕಬೇಕು.

ಪಾಲುಪಟ್ಟಿ ಭೂಮಿಯುಳ್ಳವರ ದಾಖಲೆ ಎಂಬುದನ್ನೂ ಮರೆಯಲಾಗದು. ಗೇಣಿಯ ಒಕ್ಕಲುಗಳ ಮಕ್ಕಳೂ ಮೀನುಗಾರರ ಮಕ್ಕಳೂ ಮುಂಬಯಿಯ ಹೋಟೆಲು, ಗಿರಣಿ, ಬಂದರುಗಳಿಗೆ ಬಂದವರೇ. ಅವರ ಮನೆಗಳಲ್ಲಿ ಪಾಲು ಮಾಡಲು ಏನಿತ್ತು? ಒಕ್ಕಲುಗಳ ಮಟ್ಟಿಗೆ 1974ರ ಭೂಸುಧಾರಣೆಯ ನಂತರ ಗೇಣಿದಾರರು ಸಲ್ಲಿಸಿದ ಏಳನೆಯ ನಮೂನೆಯ ಅರ್ಜಿಗಳು (ಊರಿನ ಮಾತಿನಲ್ಲಿ ‘ಡಿಕ್ಲರೇಶನ್’) ಮತ್ತು ಅವುಗಳ ಮೇಲಿನ ವಿಚಾರಣೆಯ ಹೇಳಿಕೆಗಳು ಉಪಯುಕ್ತ. ಮೀನುಗಾರರ ವಿಷಯದಲ್ಲಿ ಸಮುದಾಯ ಸಂಘಗಳ ಸದಸ್ಯತ್ವ ಪುಸ್ತಕ, ಸ್ಮರಣ ಸಂಚಿಕೆಗಳನ್ನೇ ಹೆಚ್ಚಾಗಿ ನೆಚ್ಚಬೇಕಾಗುತ್ತದೆ.

ಇನ್ನು ಚಿತ್ರದ ಕಾಲನಿರ್ಣಯ. ದಪ್ಪ ರಟ್ಟಿಗೆ ಅಂಟಿಸಿದ ಚಿತ್ರವಾದರೆ ರಟ್ಟಿನ ಹಿಂಬದಿಯನ್ನು ಮೊದಲು ನೋಡಬೇಕು. ಸ್ಟುಡಿಯೋ ಗಳಿಸಿದ ಪದಕಗಳನ್ನು ಅಲ್ಲಿ ಇಸವಿಯೊಡನೆ ಅಚ್ಚಿಸಿದ್ದರೆ ಕೊನೆಯ ಪದಕದ ಇಸವಿಗಿಂತ ಆ ರಟ್ಟು ಹಳೆಯದಲ್ಲ. ಸ್ಟುಡಿಯೋದ ಮೊಹರಿನ ವಿಳಾಸದಲ್ಲಿ ಆರಂಕಿಯ ಪಿನ್‌ಕೋಡ್ ಇದ್ದರೆ ಪ್ರತಿ 1972ರ ಆಗಸ್ಟ್ 15ರ ನಂತರದ್ದು. ಲಕೋಟೆಯ ಮೇಲೆ ಬೆಲೆಯನ್ನು ಆಣೆಯಲ್ಲಿ ಬರೆದಿದ್ದರೆ ಅದು 1957ರ ದಶಮಾಂಶ ನಾಣ್ಯಪದ್ಧತಿಗೆ ಹಿಂದಿನದು ಎಂದು ಊಹಿಸಬಹುದು. ಆಣೆಯ ಲೆಕ್ಕ ಜನರ ಬಾಯಲ್ಲಿ ಕೆಲವು ಕಾಲ ಉಳಿದಿದ್ದುದರಿಂದ ಇದು ಊಹೆ ಮಾತ್ರ. ಇವೆಲ್ಲ ಪ್ರತಿಯ ಕಾಲವನ್ನು ತಿಳಿಸುತ್ತವೆಯೇ ಹೊರತು ಚಿತ್ರ ತೆಗೆದ ಕಾಲವನ್ನಲ್ಲ. ಗೋಡೆಯ ಮೇಲೆ ಹಾರ ಹಾಕಿಸಿಕೊಂಡ ಎಷ್ಟೋ ಭಾವಚಿತ್ರಗಳು ಹಳೆಯ ಗುಂಪು ಚಿತ್ರದಿಂದ ಬೇರ್ಪಡಿಸಿ ಹಿಗ್ಗಿಸಿದವು. ಹೆಗಲ ಮೇಲೆ ಇನ್ನಾರದೋ ಬೆರಳುಗಳು ಉಳಿದಿದ್ದರೆ ಮೂಲಚಿತ್ರ ಬೇರೊಂದು ಮನೆಯಲ್ಲಿ ಇದ್ದೀತು. ಚಿತ್ರದಲ್ಲಿ ಕಾಣುವ ಗಡಿಯಾರ, ಕೋಟು, ಹೂದಾನಿಗಳಿಂದ ಐಶ್ವರ್ಯವನ್ನು ಅಳೆಯಬಾರದು. ಅವು ಸ್ಟುಡಿಯೋದ ಸೊತ್ತೂ ಆಗಿರಬಹುದು.

ಶೋಧವನ್ನು ದಾಖಲೆಗಳಿಂದ ಆರಂಭಿಸಬೇಕೆಂಬುದು ರೂಢಿಯ ಸಲಹೆ. ನಮಗೆ ಅದು ಒಪ್ಪಿಗೆಯಿಲ್ಲ. ಕಚೇರಿಯ ಕಡತ ಇನ್ನೊಂದು ವರ್ಷ ಕಾದೀತು. ಎಂಬತ್ತೈದು ದಾಟಿದ ದೊಡ್ಡಮ್ಮ ಕಾಯುವರೆಂಬ ಭರವಸೆಯಿಲ್ಲ. ಚಿತ್ರವನ್ನು ಮೊದಲು ಅವರ ಕೈಗೆ ಕೊಡಬೇಕು. ‘ಇವರು ಅಜ್ಜನಲ್ಲವೇ?’ ಎಂದು ಕೇಳಿದರೆ ಬಹಳ ಸಲ ಬರುವ ಉತ್ತರ ‘ಹೌದು’ ಎಂದೇ. ‘ಇವರು ನಿಮಗೆ ಏನಾಗಬೇಕು? ಇವರ ಬಳಿ ಯಾವುದು?’ ಎಂದು ಕೇಳಬೇಕು, ಸಾಧ್ಯವಾದರೆ ತುಳುವಿನಲ್ಲಿಯೇ. ಬಳಿ ತಾಯಿಯಿಂದ ಬರುವಂಥದು. ಒಂದೇ ಬಳಿಯವರಲ್ಲಿ ವಿವಾಹ ಸಂಬಂಧ ನಿಷಿದ್ಧ. ಆದುದರಿಂದ ನಡುವಿನ ಕುರ್ಚಿಯವರ ಬಳಿಯೂ ಅಜ್ಜಿಯ ಬಳಿಯೂ ಒಂದೇ ಎಂದಾದರೆ ಅವರು ಗಂಡಹೆಂಡಿರಲ್ಲವೆಂದು ತಿಳಿಯಬಹುದು. ಹೆಸರು ಮರೆತವರಿಗೂ ಬಳಿ ನೆನಪಿರುವುದುಂಟು. ಇಬ್ಬರು ಹಿರಿಯರಿದ್ದರೆ ಪ್ರತ್ಯೇಕವಾಗಿ ಕೇಳುವುದು ಲೇಸು. ಒಟ್ಟಿಗೆ ಕುಳಿತಾಗ ಒಬ್ಬರ ನೆನಪು ಇನ್ನೊಬ್ಬರದಾಗಿಬಿಡುತ್ತದೆ.

ದೊರೆತ ವಿವರಗಳನ್ನು ಚಿತ್ರದ ಹಿಂದೆ ಬಾಲ್‌ಪೆನ್ನಿನಿಂದ ಬರೆಯಬಾರದು. ಒತ್ತಿದ ಗುರುತು ಮುಖದ ಮೇಲೆ ಮೂಡುತ್ತದೆ. ಬೇರೆ ಹಾಳೆಯಲ್ಲಿ ಬರೆದು, ಯಾರು ಯಾವಾಗ ಹೇಳಿದರೆಂಬುದನ್ನೂ ಸೇರಿಸಿ ಚಿತ್ರದೊಡನೆ ಇಡಬೇಕು. ಮೊಮ್ಮಕ್ಕಳಿಗೆ ಕನ್ನಡ ಲಿಪಿ ಬಾರದಿದ್ದರೆ ಅವರು ಓದಬಲ್ಲ ಲಿಪಿಯಲ್ಲಿಯೂ ಇನ್ನೊಂದು ಪ್ರತಿ ಇರಲಿ. ನಡುವಿನ ಕುರ್ಚಿಯ ವಿಷಯ ನಿರ್ಧಾರವಾಗದಿದ್ದಲ್ಲಿ ‘ಯಜಮಾನರು, ಅಜ್ಜಿಯ ಅಣ್ಣನೋ ಗಂಡನೋ ತಿಳಿಯದು’ ಎಂದೇ ಬರೆದಿಡತಕ್ಕದ್ದು.