ಲೇಖನಸಹಾಯಕ ಯಂತ್ರಗಳಲ್ಲಿ ಪ್ರಾಂಪ್ಟಿನ ಸಂಯೋಜನೆ: ಚಿತ್ರದುರ್ಗ ಸೀಮೆಯ ಚರಿತ್ರೆಯನ್ನು ಮುಂದಿಟ್ಟುಕೊಂಡು ಒಂದು ವಿವೇಚನೆ

ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯ ಬಗ್ಗೆ ಬರೆದವರು ಬಹುಕಾಲ ಒಂದು ಮಾತನ್ನು ತಪ್ಪದೆ ಸೇರಿಸುತ್ತಿದ್ದರು. ವೇದಾವತಿ ನದಿಗೆ ಅಡ್ಡಲಾಗಿ ಕಟ್ಟಿ ೧೯೦೭ರಲ್ಲಿ ಮುಗಿಸಿದ ಈ ಜಲಾಶಯ ಕೋಡಿ ಬಿದ್ದದ್ದು ೧೯೩೩ರಲ್ಲಿ, ಅದೂ ಒಂದೇ ಸಲ, ಎಂಬುದು ಆ ಮಾತು. ಅದನ್ನು ಬರೆದ ಕಾಲದಲ್ಲಿ ಅದು ನಿಜವೇ ಆಗಿತ್ತು. ೨೦೨೨ರ ಸೆಪ್ಟೆಂಬರಿನಲ್ಲಿ, ಎಂಬತ್ತೊಂಬತ್ತು ವರ್ಷಗಳ ಅನಂತರ, ವಾಣಿವಿಲಾಸ ಸಾಗರ ಮತ್ತೆ ಕೋಡಿ ಹರಿಯಿತು. ೨೦೨೫ರ ಜನವರಿಯಲ್ಲಿ ಮಗದೊಮ್ಮೆ ಹರಿಯಿತು. ಆದರೆ ಹಳೆಯ ವಾಕ್ಯ ಪುಸ್ತಕಗಳಲ್ಲಿ, ಪ್ರವಾಸಿ ಕೈಪಿಡಿಗಳಲ್ಲಿ, ಶಾಲಾ ಪಾಠಗಳಲ್ಲಿ ನೂರಾರು ಕಡೆ ಉಳಿದುಕೊಂಡಿದೆ. ಅಂಥ ಬರಹಗಳನ್ನೇ ಉಂಡು ಬೆಳೆದ ಕೃತಕ ಬುದ್ಧಿಮತ್ತೆಯ ಭಾಷಾ ಮಾದರಿಯೊಂದನ್ನು ಬರಿಗೈಯಲ್ಲಿ ಕೇಳಿದರೆ, ಅದು ಆ ಹಳೆಯ ವಾಕ್ಯವನ್ನೇ ಅಚ್ಚುಕಟ್ಟಾದ ಕನ್ನಡದಲ್ಲಿ ಒಪ್ಪಿಸುವ ಸಂಭವ ಹೆಚ್ಚು. ಯಂತ್ರಕ್ಕೆ ಏನನ್ನು ಕೇಳಿದೆವು ಎಂಬುದಕ್ಕಿಂತ, ಕೇಳುವಾಗ ಅದರ ಮುಂದೆ ಏನೇನನ್ನು ಇಟ್ಟೆವು ಎಂಬುದೇ ಇಲ್ಲಿ ನಿರ್ಣಾಯಕ. ಹೀಗೆ ಇಡುವ ಸಾಮಗ್ರಿಯ ಒಟ್ಟು ಪಾಠಕ್ಕೆ ‘ಪ್ರಾಂಪ್ಟ್’ ಎಂದು ಹೆಸರು. ಅದನ್ನು ಹೇಗೆ ಜೋಡಿಸಲಾಗುತ್ತದೆ ಎಂಬುದನ್ನು, ಜಿಲ್ಲಾ ಚರಿತ್ರೆಯ ಕೆಲಸದಲ್ಲಿ ಅದು ಎಲ್ಲಿ ಎಡವುತ್ತದೆ ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ಒಂದು ತಪ್ಪು ಕಲ್ಪನೆಯನ್ನು ನಿವಾರಿಸಿಕೊಳ್ಳಬೇಕು. ಪ್ರಾಂಪ್ಟ್ ಎಂದರೆ ಬಳಕೆದಾರರು ಪೆಟ್ಟಿಗೆಯಲ್ಲಿ ಟೈಪು ಮಾಡುವ ಒಂದೆರಡು ಸಾಲು ಎಂದು ಸಾಮಾನ್ಯವಾಗಿ ಭಾವಿಸಲಾಗಿದೆ. ವಾಸ್ತವವಾಗಿ ಆ ಸಾಲುಗಳು ಒಟ್ಟು ಪಾಠದ ಕೊನೆಯ, ಅನೇಕ ವೇಳೆ ಅತ್ಯಂತ ಚಿಕ್ಕ, ಭಾಗ ಮಾತ್ರ. ಭಾಷಾ ಮಾದರಿಗೆ ಒಂದು ಕೋರಿಕೆಯಿಂದ ಇನ್ನೊಂದು ಕೋರಿಕೆಗೆ ತನ್ನದೇ ಆದ ನೆನಪಿಲ್ಲ. ಸಂಭಾಷಣೆ ಮುಂದುವರಿಯುತ್ತಿದೆ ಎಂದು ನಮಗೆ ತೋರುವುದು, ಪ್ರತಿ ಸಲವೂ ಹಿಂದಿನ ಮಾತುಗಳನ್ನೆಲ್ಲ ತಂತ್ರಾಂಶವು ಮತ್ತೆ ಕಟ್ಟಿ ಕಳುಹಿಸುವುದರಿಂದ.

ಒಂದೇ ಏಜೆಂಟಿನ ಉಪಕರಣದಲ್ಲಿ ಈ ಕಟ್ಟಿನ ಮೇಲುಭಾಗದಲ್ಲಿ ತಯಾರಕರ ಸ್ಥಾಯಿ ಸೂಚನೆ ಇರುತ್ತದೆ: ನೀನು ಯಾರು, ಏನು ಮಾಡಬಹುದು, ಏನು ಮಾಡಕೂಡದು ಎಂಬುದು. ಅದರ ಕೆಳಗೆ ಏಜೆಂಟು ಬಳಸಬಹುದಾದ ಸಾಧನಗಳ, ಎಂದರೆ ಹುಡುಕಾಟ, ಕಡತ ಓದುವಿಕೆ ಮುಂತಾದವುಗಳ ವಿವರಣೆ. ಆಮೇಲೆ ಬಳಕೆದಾರರ ಅಥವಾ ಸಂಸ್ಥೆಯ ಶೈಲಿಯ ನಿಯಮಗಳು. ಅಂಕಿಗಳನ್ನು ಕನ್ನಡದಲ್ಲಿ ಕೊಡಬೇಕೆ, ಊರಿನ ಹೆಸರನ್ನು ಹೇಗೆ ಬರೆಯಬೇಕು ಇತ್ಯಾದಿ. ಬಳಿಕ ಮಾದರಿ ಬರಹಗಳು, ಆಕರಗಳಿಂದ ಆಯ್ದ ಭಾಗಗಳು, ಈವರೆಗಿನ ಸಂಭಾಷಣೆ, ಕೊನೆಗೆ ಈಗಿನ ಕೋರಿಕೆ. ಬದಲಾಗದ ಭಾಗವನ್ನು ಮೇಲಿಡುವುದಕ್ಕೆ ವೆಚ್ಚದ ಕಾರಣವೂ ಇದೆ: ಮೊದಲಿನಿಂದ ಯಥಾವತ್ತಾಗಿ ಪುನರಾವರ್ತನೆಯಾಗುವ ಪಾಠದ ಸಂಸ್ಕರಣೆಯನ್ನು ಅನೇಕ ಸೇವೆಗಳು ಕಾಪಿಟ್ಟು ಮರುಬಳಕೆ ಮಾಡುತ್ತವೆ. ಒಂದೆರಡು ಮಾದರಿಗಳನ್ನು ತೋರಿಸಿ ಕೆಲಸ ಕಲಿಸಬಹುದೆಂಬುದು ೨೦೨೦ರ ಜಿಪಿಟಿ-೩ರ ಪ್ರಬಂಧದಿಂದ ಪ್ರಸಿದ್ಧವಾಯಿತು. ಆಕರಗಳನ್ನು ಹುಡುಕಿ ತಂದು ಪಾಠಕ್ಕೆ ಸೇರಿಸುವ ಕ್ರಮವೂ ಅದೇ ವರ್ಷದ ಇನ್ನೊಂದು ಪ್ರಬಂಧದಿಂದ ಹೆಸರು ಪಡೆಯಿತು.

ಸಂಶೋಧಕರ ಗಮನ ನಿಲ್ಲಬೇಕಾದದ್ದು ಈ ಆಕರಗಳ ಭಾಗದಲ್ಲಿ. ಚಿತ್ರದುರ್ಗದ ನಾಯಕರ ಕುರಿತು ಒಂದು ಕಿರುಲೇಖನ ಸಿದ್ಧಪಡಿಸಬೇಕೆಂದು ಭಾವಿಸೋಣ. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ ಹನ್ನೊಂದನೆಯ ಸಂಪುಟದ ಶಾಸನಪಾಠ, ಎಂ.ಎಸ್. ಪುಟ್ಟಣ್ಣನವರ ‘ಚಿತ್ರದುರ್ಗದ ಪಾಳೆಯಗಾರರು’, ಒಂದು ಬಖೈರು, ತ.ರಾ.ಸು. ಅವರ ‘ದುರ್ಗಾಸ್ತಮಾನ’ ಎಲ್ಲವೂ ಒಂದೇ ಕಡತದಲ್ಲಿ ಸೇರಿದ್ದರೆ, ಯಂತ್ರದ ಕಣ್ಣಿಗೆ ಅವೆಲ್ಲವೂ ಕನ್ನಡ ಅಥವಾ ಇಂಗ್ಲಿಷ್ ಪಠ್ಯದ ತುಣುಕುಗಳು, ಅಷ್ಟೆ. ೧೭೭೯ರಲ್ಲಿ ದುರ್ಗ ಹೈದರಾಲಿಯ ವಶವಾದದ್ದು ಚರಿತ್ರೆ. ಆ ಪತನದ ಹಿಂದಿನ ರಾತ್ರಿಗಳಲ್ಲಿ ಅರಮನೆಯೊಳಗೆ ನಡೆದ ಮಾತುಕತೆ ಕಾದಂಬರಿಕಾರರ ಸೃಷ್ಟಿ. ೧೯೮೫ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಆ ಕೃತಿಯ ಶಕ್ತಿ ಎಂಥದ್ದೆಂದರೆ, ದುರ್ಗದ ಓದುಗರಿಗೇ ಅನೇಕ ವೇಳೆ ಇವೆರಡನ್ನು ಬಿಡಿಸಿಕೊಳ್ಳುವುದು ಕಷ್ಟ. ಹಾಗಿರುವಾಗ ಯಂತ್ರವನ್ನು ದೂರಿ ಫಲವಿಲ್ಲ. ಪ್ರತಿ ತುಣುಕಿನ ತಲೆಯ ಮೇಲೆ ‘ಶಾಸನ’, ‘ಬಖೈರು’, ‘ಆಧುನಿಕ ಸಂಶೋಧನೆ’, ‘ಕಾದಂಬರಿ, ಸಂಗತಿಗೆ ಆಧಾರವಾಗಿ ಬಳಸತಕ್ಕದ್ದಲ್ಲ’ ಎಂಬಂಥ ಗುರುತುಪಟ್ಟಿಯನ್ನು, ಪುಟಸಂಖ್ಯೆಯೊಡನೆ, ಪ್ರಾಂಪ್ಟ್ ಜೋಡಿಸುವವರೇ ಅಂಟಿಸಬೇಕು. ಈ ಪಟ್ಟಿಗಳಿಗೆ ಇನ್ನೊಂದು ಪ್ರಯೋಜನವೂ ಇದೆ. ಆಕರದೊಳಗೆ ಎಲ್ಲಿಯಾದರೂ ಆಜ್ಞಾರೂಪದ ವಾಕ್ಯವಿದ್ದರೆ ಯಂತ್ರ ಅದನ್ನು ತನಗೆ ಕೊಟ್ಟ ಸೂಚನೆಯೆಂದು ತಿಳಿದುಬಿಡುವ ಅಪಾಯವುಂಟು; ಇದು ಆಕರ, ಆದೇಶವಲ್ಲ ಎಂದು ಬೇಲಿ ಹಾಕಿದರೆ ಆ ಅಪಾಯ ಪೂರ್ತಿ ಹೋಗದಿದ್ದರೂ ತಗ್ಗುತ್ತದೆ.

ತುಂಡರಿಸುವಿಕೆಯಿಂದ ಬರುವ ತೊಡಕು ಬೇರೆ. ದೊಡ್ಡ ಗ್ರಂಥವನ್ನು ಇಡಿಯಾಗಿ ಸೇರಿಸುವ ಬದಲು, ಅದನ್ನು ಕೆಲವು ನೂರು ಪದಗಳ ತುಣುಕುಗಳಾಗಿ ಮಾಡಿ, ಪ್ರಶ್ನೆಗೆ ಅರ್ಥದಲ್ಲಿ ಹತ್ತಿರವಿರುವ ಕೆಲವನ್ನಷ್ಟೇ ಆರಿಸಿ ತರುವುದು ವಾಡಿಕೆ. ನಮ್ಮ ಹಿರಿಯ ಸಂಶೋಧಕರ ಗದ್ಯದಲ್ಲಿ ಅರಸನ ಹೆಸರು ಒಮ್ಮೆ ಬಂದು, ಮುಂದಿನ ಎರಡು ಪುಟಗಳುದ್ದಕ್ಕೂ ‘ಈತನು’, ‘ಇವನ ಕಾಲದಲ್ಲಿ’ ಎಂದೇ ಸಾಗುತ್ತದೆ. ತುಣುಕು ಮಾಡಿದಾಗ ‘ಈತನು’ ಉಳಿಯುತ್ತಾನೆ, ಹೆಸರು ಹಿಂದಿನ ತುಣುಕಿನಲ್ಲಿ ಬಿಟ್ಟುಹೋಗುತ್ತದೆ. ದುರ್ಗದ ವಂಶಾವಳಿಯಲ್ಲಿ ಮದಕರಿ ಎಂಬ ಹೆಸರಿನವರು ಒಬ್ಬರಿಗಿಂತ ಹೆಚ್ಚು. ಒಬ್ಬನ ಕೆಲಸ ಇನ್ನೊಬ್ಬನ ತಲೆಗೆ ಬೀಳಲು ಇಷ್ಟು ಸಾಕು. ಹಾಗೂ ಜನಪ್ರಿಯತೆಯ ಕಾರಣದಿಂದ ಎಲ್ಲವೂ ಕೊನೆಯ ಮದಕರಿಯ ಲೆಕ್ಕಕ್ಕೇ ಜಮೆಯಾಗುತ್ತದೆ. ಇದಕ್ಕಿರುವ ಉಪಾಯ ಸರಳ: ಪ್ರತಿ ತುಣುಕಿಗೂ ಅಧ್ಯಾಯದ ಹೆಸರನ್ನು, ಪ್ರಸ್ತುತ ಅರಸನ ಹೆಸರನ್ನು ಮೇಲೆ ಬರೆದು ಕಾಪಿಡುವುದು.

ಊರ ಹೆಸರುಗಳೂ ಇಂಥದೇ ಪೇಚು ತಂದೊಡ್ಡುತ್ತವೆ. ಹೊಸದುರ್ಗದ ಕೋಟೆಯ ಬಗ್ಗೆ ಮಾಹಿತಿ ತರಲು ಹೇಳಿದರೆ, ಕಾಸರಗೋಡು ಜಿಲ್ಲೆಯ ಕಾಞಂಗಾಡಿನಲ್ಲಿರುವ, ಕೆಳದಿಯ ನಾಯಕರು ಕಟ್ಟಿಸಿದ ಹೊಸದುರ್ಗದ ಕೋಟೆಯ ವರ್ಣನೆ ಬಂದು ಕೂರಬಹುದು. ಹೊಳಲ್ಕೆರೆಯ ಕಥೆ ಇನ್ನೂ ಸೂಕ್ಷ್ಮ. ‘ಹೊಳಲ್ಕೆರೆ’, ‘ಹೊಳಲಕೆರೆ’ ಎಂಬ ಎರಡು ರೂಪಗಳಲ್ಲದೆ, ಒತ್ತಕ್ಷರ ಬಾರದಂತೆ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಹಾಕಿ ಟೈಪು ಮಾಡಿದ ‘ಹೊಳಲ್‌ಕೆರೆ’ ಎಂಬ ಮೂರನೆಯ ರೂಪವೂ ಇದೆ. ನಮಗೆ ಮೂರೂ ಒಂದೇ ಊರು; ಅಕ್ಷರಸರಣಿಯನ್ನು ಹೋಲಿಸುವ ಹುಡುಕಾಟಕ್ಕೆ ಮೂರು ಬೇರೆ ಬೇರೆ ಪದಗಳು. ಜಿಲ್ಲೆ, ತಾಲ್ಲೂಕು, ಪರ್ಯಾಯ ಕಾಗುಣಿತಗಳನ್ನು ಕೊಡುವ ಒಂದು ಚಿಕ್ಕ ಸ್ಥಳನಾಮ ಕೋಷ್ಟಕವನ್ನು ಸ್ಥಾಯಿ ಸೂಚನೆಯ ಜೊತೆಗೇ ಇಟ್ಟರೆ ಬಹಳಷ್ಟು ತಾಪತ್ರಯ ತಪ್ಪುತ್ತದೆ. ಚಿತ್ರದುರ್ಗಕ್ಕೆ ಇಂಗ್ಲಿಷ್ ದಾಖಲೆಗಳಲ್ಲಿರುವ ‘ಚಿತಲ್‌ಡ್ರೂಗ್’ ಎಂಬ ರೂಪವೂ ಆ ಕೋಷ್ಟಕದಲ್ಲಿರಬೇಕು.

ಲಿಪಿಯ ಸಮಸ್ಯೆ ಇನ್ನೂ ಒಂದಿದೆ. ಕಳೆದ ಶತಮಾನದ ಕೊನೆಯ ವರ್ಷಗಳಿಂದ ನಮ್ಮ ಸಂಶೋಧಕರ ಪ್ರಬಂಧಗಳು ಟೈಪಾದದ್ದು ಬಹುಮಟ್ಟಿಗೆ ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟುಗಳಲ್ಲಿ. ಅವು ಯೂನಿಕೋಡ್ ಅಲ್ಲ. ಆ ಕಡತವನ್ನು ಹಾಗೆಯೇ ತಂದು ಅಂಟಿಸಿದರೆ ಯಂತ್ರಕ್ಕೆ ಸಿಗುವುದು ರೋಮನ್ ಅಕ್ಷರಗಳ, ಚಿಹ್ನೆಗಳ ಕಲಸುಮೇಲೋಗರ. ಕನ್ನಡಕ್ಕೆ ಪರಿವರ್ತಿಸಿ, ಅರ್ಕಾವೊತ್ತು ಸರಿಯಾದ ಜಾಗದಲ್ಲಿದೆಯೆ ಎಂದು ಕಣ್ಣಾರೆ ನೋಡಿಯೇ ಸೇರಿಸಬೇಕಾಗುತ್ತದೆ. ಯೂನಿಕೋಡಿನಲ್ಲಿಯೂ ಕನ್ನಡದ ಒಂದೊಂದು ಸಂಕೇತ ಯುಟಿಎಫ್-೮ ರೂಪದಲ್ಲಿ ಮೂರು ಬೈಟುಗಳನ್ನು ಹಿಡಿಯುತ್ತದೆ, ಇಂಗ್ಲಿಷಿನ ಅಕ್ಷರ ಒಂದನ್ನು. ಮಾದರಿಯು ಪಠ್ಯವನ್ನು ಅಳೆಯುವುದು ‘ಟೋಕನ್’ ಎಂಬ ತುಣುಕುಗಳಲ್ಲಿ. ಇಂಗ್ಲಿಷಿಗೆ ಹೊಂದಿಸಿದ ಅಳತೆಗೋಲಿನಲ್ಲಿ ಕನ್ನಡ ಚೂರುಚೂರಾಗಿ ಹೆಚ್ಚು ಜಾಗ ನುಂಗುತ್ತದೆ. ೨೦೨೪ರ ಮೇ ತಿಂಗಳಲ್ಲಿ ಓಪನ್‌ಎಐ ಸಂಸ್ಥೆ ಹೊಸ ಅಳತೆಗೋಲನ್ನು ತಂದಾಗ, ತಾನು ತೋರಿಸಿದ ಮಾದರಿ ವಾಕ್ಯದಲ್ಲಿ ತೆಲುಗಿಗೆ ಬೇಕಾದ ಟೋಕನ್ನುಗಳು ೧೫೯ರಿಂದ ೪೫ಕ್ಕೆ ಇಳಿದವೆಂದು ಪ್ರಕಟಿಸಿತು. ಹಿಂದಿನ ನಷ್ಟದ ಪ್ರಮಾಣವನ್ನು ನಮ್ಮ ನೆರೆಯ ಭಾಷೆಯ ಈ ಲೆಕ್ಕದಿಂದ ಊಹಿಸಬಹುದು. ಪ್ರಾಂಪ್ಟಿಗೆ ಒಟ್ಟು ಮಿತಿ ಇರುವುದರಿಂದ, ಅಳತೆ ಕೆಟ್ಟಷ್ಟೂ ಸೇರಿಸಬಹುದಾದ ಆಕರ ಕಡಿಮೆ. ಮಿತಿಯೊಳಗೇ ಇದ್ದರೂ ಎಲ್ಲ ಜಾಗವೂ ಸಮಾನವಲ್ಲ. ಉದ್ದ ಪಾಠದ ಮೊದಲಲ್ಲಿ ಮತ್ತು ಕೊನೆಯಲ್ಲಿರುವುದನ್ನು ಮಾದರಿಗಳು ಚೆನ್ನಾಗಿ ಬಳಸಿಕೊಂಡು ನಡುವಿನದನ್ನು ಕಡೆಗಣಿಸುವುದನ್ನು ೨೦೨೩ರ ಅಧ್ಯಯನವೊಂದು ತೋರಿಸಿತು. ಅನಂತರದ ಮಾದರಿಗಳು ಸುಧಾರಿಸಿವೆಯಾದರೂ ಮುಖ್ಯ ಶಾಸನವನ್ನು ಕಟ್ಟಿನ ನಡುವೆ ಹೂಳದಿರುವುದು ಕ್ಷೇಮ.

ಇನ್ನು ಬಹು ಏಜೆಂಟ್ ಕ್ರಮ. ಇಲ್ಲಿ ಕೆಲಸ ಹಲವು ಪಾತ್ರಗಳಿಗೆ ಹಂಚಿಹೋಗುತ್ತದೆ: ಯೋಜಿಸುವವನೊಬ್ಬ, ಹುಡುಕುವವರು ಹಲವರು, ಬರೆಯುವವನೊಬ್ಬ, ತಾಳೆ ನೋಡುವವನೊಬ್ಬ. ಅನೇಕ ವೇಳೆ ಇವರೆಲ್ಲರೂ ಒಂದೇ ಭಾಷಾ ಮಾದರಿಯ ಬೇರೆ ಬೇರೆ ವೇಷಗಳು. ಬೇರೆಯಾಗಿರುವುದು ಅವರವರ ಪ್ರಾಂಪ್ಟ್ ಮಾತ್ರ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ೨೦೨೪ರಲ್ಲಿ ಪ್ರಕಟಿಸಿದ ‘ಸ್ಟಾರ್ಮ್’ ಎಂಬ ವ್ಯವಸ್ಥೆ ವಿಶ್ವಕೋಶದ ಮಾದರಿಯ ಲೇಖನಗಳನ್ನು ಹೀಗೆ ಸಿದ್ಧಪಡಿಸುತ್ತದೆ. ಮೊದಲು ವಿಷಯವನ್ನು ನೋಡಬಹುದಾದ ಹಲವು ದೃಷ್ಟಿಕೋನಗಳನ್ನು ಗುರುತಿಸಿ, ಒಂದೊಂದು ದೃಷ್ಟಿಯ ಲೇಖಕನೂ ಆಕರಗಳನ್ನು ಓದಿದ ತಜ್ಞನೊಬ್ಬನನ್ನು ಪ್ರಶ್ನಿಸುವಂತೆ ಮಾಡಿ, ಆ ಸಂವಾದಗಳಿಂದ ರೂಪುರೇಷೆ ತಯಾರಿಸಿ, ಬಳಿಕ ಲೇಖನ ಬರೆಯುತ್ತದೆ.

ಪ್ರಶ್ನಾವಳಿ ಕೊಟ್ಟು ಸಹಾಯಕರನ್ನು ಊರೂರಿಗೆ ಅಟ್ಟುವ ಈ ವಿಧಾನ ಕರ್ನಾಟಕಕ್ಕೆ ಅಪರಿಚಿತವೇನಲ್ಲ. ೧೭೯೯ರ ಅನಂತರ ಮೈಸೂರು ಸೀಮೆಯ ಸರ್ವೇಕ್ಷಣೆ ನಡೆಸಿದ ಕರ್ನಲ್ ಮೆಕೆಂಜಿ, ಕಾವಲಿ ವೆಂಕಟ ಬೋರಯ್ಯ ಮತ್ತು ಲಕ್ಷ್ಮಯ್ಯ ಮೊದಲಾದ ಸಹಾಯಕರ ಮೂಲಕ ಸ್ಥಳೀಯ ವೃತ್ತಾಂತಗಳನ್ನು ಬರೆಯಿಸಿ ತರಿಸಿಕೊಂಡದ್ದು ಹೀಗೆಯೇ. ಕೈಫಿಯತ್ತುಗಳನ್ನು ಬಳಸುವವರು ಯಾರು ಕೇಳಿದರು, ಯಾರು ಹೇಳಿದರು, ಯಾರು ಬರೆದುಕೊಂಡರು, ಯಾರು ಭಾಷಾಂತರಿಸಿದರು ಎಂದು ಇಂದಿಗೂ ವಿಚಾರಿಸುತ್ತಾರೆ. ಬಹು ಏಜೆಂಟ್ ಬರಹಕ್ಕೂ ಕೇಳಬೇಕಾದ ಪ್ರಶ್ನೆಗಳು ಇವೇ.

ಏಕೆಂದರೆ ಒಬ್ಬ ಏಜೆಂಟಿಗೆ ಇನ್ನೊಬ್ಬನ ಪ್ರಾಂಪ್ಟ್ ಕಾಣುವುದಿಲ್ಲ. ಯೋಜಕ ಕೈಗಿತ್ತದ್ದಷ್ಟೇ ಕಾಣುತ್ತದೆ. ಮಾರಿಕಣಿವೆಯ ಲೇಖನಕ್ಕೆ ಯೋಜಕನು ‘ಹಿರಿಯೂರು ತಾಲ್ಲೂಕಿನ ಮೇಲೆ ಜಲಾಶಯದ ಪ್ರಭಾವ’ ಎಂದು ಒಬ್ಬನಿಗೆ ಹೇಳಿ ಕಳಿಸಿದರೆ, ಅವನು ಕಾಲುವೆ, ತೋಟ, ಕುಡಿಯುವ ನೀರಿನ ಸಂಗತಿ ತರುತ್ತಾನೆ. ಹಿನ್ನೀರು ಹರಡುವುದು ಹೊಸದುರ್ಗ ತಾಲ್ಲೂಕಿನಲ್ಲಿ. ಅಣೆಕಟ್ಟು ತುಂಬಿದಾಗ ಕೆಳಗಿನವರು ಬಾಗಿನ ಅರ್ಪಿಸುವ ಹೊತ್ತಿಗೆ ಮೇಲಿನ ಹಳ್ಳಿಗಳ ಜಮೀನು ನೀರಿನಲ್ಲಿರುತ್ತದೆ. ಎರಡನೆಯ ತಾಲ್ಲೂಕಿನ ಹೆಸರು ಯೋಜಕನ ಹಂಚಿಕೆಯಲ್ಲಿ ಬಾರದಿದ್ದರೆ ಆ ಸಂಗತಿ ಕೊನೆಯ ಲೇಖನಕ್ಕೆ ಬರುವ ದಾರಿಯೇ ಇಲ್ಲ. ಬರೆಯುವವನು ಎಷ್ಟೇ ಸಮರ್ಥನಾಗಿದ್ದರೂ ತನಗೆ ತಲುಪದ್ದನ್ನು ಬರೆಯಲಾರ. ಆದಕಾರಣ ಉಪಕಾರ್ಯದ ಪ್ರಾಂಪ್ಟಿನಲ್ಲಿ ಗುರಿ, ಎಲ್ಲೆ, ನೋಡಬೇಕಾದ ಆಕರಗಳು, ಹಿಂದಿರುಗಿಸಬೇಕಾದ ರೂಪ ಎಲ್ಲವೂ ಬಿಡಿಸಿ ಬರೆದಿರಬೇಕು. ಯೋಜಕನ ಹಂಚಿಕೆಯನ್ನು, ಕೆಲಸ ಹೊರಡುವ ಮುನ್ನ, ಜಿಲ್ಲೆಯನ್ನು ಬಲ್ಲ ಮನುಷ್ಯರೊಬ್ಬರು ಓದಬೇಕು.

ಕೈಯಿಂದ ಕೈಗೆ ದಾಟುವಾಗ ಇನ್ನೊಂದು ಹಾನಿ ಸದ್ದಿಲ್ಲದೆ ನಡೆಯುತ್ತದೆ. ‘ಈ ಕೆರೆಯನ್ನು ಪಾಳೆಯಗಾರರು ಕಟ್ಟಿಸಿದರಂತೆ’ ಎಂದು ಮೂಲದಲ್ಲಿದೆ. ಹುಡುಕುವವನ ಸಾರಾಂಶದಲ್ಲಿ ಅದು ‘ಪಾಳೆಯಗಾರರು ಕಟ್ಟಿಸಿದರೆಂಬ ಪ್ರತೀತಿ’ ಆಗುತ್ತದೆ, ಯೋಜಕನ ಟಿಪ್ಪಣಿಯಲ್ಲಿ ‘ಪಾಳೆಯಗಾರರ ಕಾಲದ ಕೆರೆ’ ಆಗುತ್ತದೆ, ಕೊನೆಯ ಲೇಖನದಲ್ಲಿ ನಿಸ್ಸಂದಿಗ್ಧ ಸಂಗತಿಯಾಗಿ ನಿಲ್ಲುತ್ತದೆ. ಕನ್ನಡದಲ್ಲಿ ‘ಅಂತೆ’ ಎಂಬ ಎರಡಕ್ಷರ ಹೊರುವ ಭಾರವನ್ನು ಸಾರಾಂಶ ಮಾಡುವ ಯಂತ್ರ ಗಮನಿಸುವುದಿಲ್ಲ. ಹುಡುಕುವವರು ಸಾರಾಂಶದ ಬದಲು ಮೂಲವಾಕ್ಯವನ್ನೇ, ಪುಟದೊಡನೆ, ಹಿಂದಿರುಗಿಸಬೇಕೆಂದು ಪ್ರಾಂಪ್ಟಿನಲ್ಲಿ ವಿಧಿಸಿದರೆ ಈ ಸೋರಿಕೆ ಬಹುಮಟ್ಟಿಗೆ ನಿಲ್ಲುತ್ತದೆ. ತಾಳೆ ನೋಡುವವನಿಗೂ ಕರಡಿನ ಜೊತೆ ಆ ಮೂಲವಾಕ್ಯಗಳನ್ನು ಕೊಡಬೇಕು, ಬರೆದವನ ಸಮಜಾಯಿಷಿಯನ್ನು ಕೊಡಬಾರದು. ಮೂಲವಿಲ್ಲದೆ ಬರಿಯ ಕರಡನ್ನು ಕೊಟ್ಟು ‘ಸರಿಯೆ?’ ಎಂದು ಕೇಳಿದರೆ ಅದೇ ಮಾದರಿ ಅದೇ ನೆನಪಿನಿಂದ ಸರಿಯೆಂದೇ ತಲೆಯಾಡಿಸುತ್ತದೆ. ೧೯೩೩ರ ವಾಕ್ಯಕ್ಕೆ ಎರಡನೆಯ ಸಾಕ್ಷಿ ಹುಟ್ಟುವುದು ಹೀಗೆ.

ವೆಚ್ಚವನ್ನೂ ಮರೆಯುವಂತಿಲ್ಲ. ಆಂತ್ರೋಪಿಕ್ ಸಂಸ್ಥೆ ೨೦೨೫ರ ಜೂನಿನಲ್ಲಿ ತನ್ನ ಅನುಭವವನ್ನು ಪ್ರಕಟಿಸುತ್ತ, ಸಾಮಾನ್ಯ ಸಂಭಾಷಣೆಗಿಂತ ಏಜೆಂಟ್ ಸುಮಾರು ೪ ಪಟ್ಟು, ಬಹು ಏಜೆಂಟ್ ವ್ಯವಸ್ಥೆ ಸುಮಾರು ೧೫ ಪಟ್ಟು ಟೋಕನ್ ಬಳಸುತ್ತದೆ ಎಂದಿದೆ. ನಾಲ್ಕು ತಾಲ್ಲೂಕುಗಳ ಕೆರೆಗಳ ಪಟ್ಟಿಯಂಥ, ಒಂದರ ಹಂಗು ಇನ್ನೊಂದಕ್ಕಿಲ್ಲದ ಹುಡುಕಾಟಕ್ಕೆ ಈ ವೆಚ್ಚ ಸಮರ್ಥನೀಯ. ಬರವಣಿಗೆಯನ್ನು ಮಾತ್ರ ಹಲವರಿಗೆ ಹಂಚಬಾರದೆಂಬುದು ಪ್ರಸ್ತುತ ಲೇಖಕನ ಅಭಿಪ್ರಾಯ. ನಾಲ್ಕು ಏಜೆಂಟುಗಳು ಬರೆದ ನಾಲ್ಕು ಭಾಗಗಳಲ್ಲಿ ಒಂದೇ ನಾಯಕನಿಗೆ ಎರಡು ಪಟ್ಟಾಭಿಷೇಕದ ವರ್ಷಗಳು ಬಂದರೆ, ಅದನ್ನು ಕಾಣುವವರು ಓದುಗರೇ ಆಗಿರುತ್ತಾರೆ.

ಗ್ರಂಥಾಲಯಗಳಿಗೆ ಸಂಬಂಧಿಸಿದ ಒಂದು ಮಾತು ಉಳಿದಿದೆ. ಇಂಥ ಉಪಕರಣದ ನೆರವಿನಿಂದ ಸಿದ್ಧವಾದ ಬರಹ ಸಂಗ್ರಹಕ್ಕೆ ಬಂದಾಗ, ಅಂತಿಮ ಪಾಠದೊಡನೆ ಸ್ಥಾಯಿ ಸೂಚನೆ, ಸೇರಿಸಿದ ತುಣುಕುಗಳು, ಏಜೆಂಟುಗಳ ನಡುವಿನ ಟಿಪ್ಪಣಿಗಳು, ಮಾದರಿಯ ಹೆಸರು, ದಿನಾಂಕ ಇವನ್ನೂ ಕೇಳಿ ಪಡೆಯುವುದು ಸೂಕ್ತ. ತಯಾರಕರ ಸೂಚನೆ ಅನೇಕ ವೇಳೆ ಬಳಕೆದಾರರಿಗೇ ಕಾಣಸಿಗದು. ಅಲ್ಲಿ ಉಳಿದ ಭಾಗಗಳಷ್ಟೇ ದೊರೆಯುತ್ತವೆ. ಮಾದರಿಗಳು ಕೆಲವೇ ವರ್ಷಗಳಲ್ಲಿ ಸೇವೆಯಿಂದ ನಿವೃತ್ತವಾಗುತ್ತವೆ, ಅದೇ ಕೋರಿಕೆಯನ್ನು ಮತ್ತೆ ಒಡ್ಡಿ ಪರೀಕ್ಷಿಸುವಂತಿಲ್ಲ. ಪ್ರಾಂಪ್ಟನ್ನು ಸಾದಾ ಯೂನಿಕೋಡ್ ಪಠ್ಯವಾಗಿ ಉಳಿಸಿದರೆ ಸಾಕು. ಒಂದು ಲೇಖನದ ಒಟ್ಟು ಕಟ್ಟು ಸಾಮಾನ್ಯವಾಗಿ ಒಂದು ಛಾಯಾಚಿತ್ರದಷ್ಟು ಜಾಗವನ್ನೂ ಹಿಡಿಯುವುದಿಲ್ಲ.